ಕ್ಯಾಲೆಂಡರಿನಲ್ಲಿ ಇಲ್ಲದ ಹೆಸರುಗಳು

ಬೆಳಗ್ಗೆ ಆರೂವರೆಗೆ ಬರುವ ಫೋನು ಒಳ್ಳೆಯ ಸುದ್ದಿ ತರುವುದು ಅಪರೂಪ. ಅಂದು ಮಾತನಾಡಿದ್ದು ನಮ್ಮ ಕಟಿಂಗ್ ಯಂತ್ರ ನೋಡಿಕೊಳ್ಳುವ ಹಿರಿಯರ ಮಗಳು. ತಂದೆ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದಾರೆ, ಬಲಗೈ ಮಣಿಕಟ್ಟು ಮುರಿದಿದೆ, ಆರು ವಾರ ಪ್ಲಾಸ್ಟರ್ ಇರುತ್ತದೆ ಎಂದಳು. "ಕೆಲಸದ ಚಿಂತೆ ಬೇಡ ಎಂದು ಅವರಿಗೆ ಹೇಳಮ್ಮ" ಎಂದೆ. ಫೋನ್ ಇಟ್ಟ ಮೇಲೆ ಆ ಚಿಂತೆಯನ್ನು ಅವರ ಪಾಲಿನದೂ ಸೇರಿಸಿ ನಾನೇ ಮಾಡಿದೆ.

ನಮ್ಮದು ಪುಸ್ತಕಗಳನ್ನು ಮುದ್ರಿಸಿ, ಹೊಲಿದು ಅಥವಾ ಅಂಟಿಸಿ ಕೊಡುವ ಚಿಕ್ಕ ಮುದ್ರಣಾಲಯ. ನನ್ನನ್ನೂ ಸೇರಿಸಿದರೆ ಎಂಟು ಜನ. ಕಚೇರಿಯ ಗೋಡೆಗೆ ಆಗ ದೊಡ್ಡದೊಂದು ಕ್ಯಾಲೆಂಡರ್ ಅಂಟಿಸಿದ್ದೆ. ಮುದ್ರಣಕ್ಕೆ ನೀಲಿ, ಬೈಂಡಿಂಗಿಗೆ ಹಸಿರು, ಡೆಲಿವರಿಗೆ ಕೆಂಪು. ಕಾಗದ ಯಾವತ್ತು ಬರಬೇಕು, ಪ್ಲೇಟ್ ಯಾವತ್ತು ಸಿದ್ಧವಾಗಬೇಕು, ಯಾವ ಪುಸ್ತಕ ಯಾವ ಯಂತ್ರದ ಮೇಲೆ ಎಷ್ಟು ದಿನ ಎಂಬುದೆಲ್ಲ ಮುಂದಿನ ಎಂಟು ವಾರದವರೆಗೆ ಒಂದೇ ನೋಟಕ್ಕೆ ಕಾಣುತ್ತಿತ್ತು. ಗಿರಾಕಿಗಳ ಕಣ್ಣು ಅತ್ತ ಹೊರಳಿದರೆ ಒಳಗೊಳಗೇ ಹಿಗ್ಗುತ್ತಿದ್ದೆ. ಆ ಬೆಳಗ್ಗೆ ಅದರ ಮುಂದೆ ನಿಂತಾಗ ಮೊದಲ ಸಲ ಗಮನಕ್ಕೆ ಬಂತು: ಯಂತ್ರಗಳಿವೆ, ಕಾಗದವಿದೆ, ತಾರೀಖುಗಳಿವೆ, ಒಬ್ಬ ಮನುಷ್ಯನ ಹೆಸರೂ ಇಲ್ಲ. 'ಕಟಿಂಗ್' ಎಂದು ಬರೆದಿದ್ದ ಹತ್ತೊಂಬತ್ತು ಚೌಕಗಳಿದ್ದವು. ಹತ್ತೊಂಬತ್ತರ ಹಿಂದೆಯೂ ಇದ್ದದ್ದು ಈಗ ಮುರಿದ ಅದೇ ಮಣಿಕಟ್ಟು.

ಯಂತ್ರ ನಾನೇ ಕೊಂಡದ್ದು. ಅದರ ಸಾಲದ ಕೊನೆಯ ಕಂತನ್ನು ತೀರಿಸಿದ ದಿನವೂ ನೆನಪಿದೆ. ದಿನಕ್ಕೆ ಹತ್ತು ಸಲ ಅದರ ಪಕ್ಕದಲ್ಲೇ ಓಡಾಡಿದ್ದೇನೆ. ಹಾಗಾಗಿ ನಾನೇ ನಿಭಾಯಿಸುತ್ತೇನೆ ಎಂದುಕೊಂಡು ತೋಳು ಮಡಿಸಿದೆ. ರಾಶಿಯನ್ನು ಹಿಂದಿನ ಪಟ್ಟಿಗೆ ತಾಗಿಸಿ, ಬದಿ ತಟ್ಟಿ ಸಮ ಮಾಡಿ, ಅಳತೆ ಎರಡು ಸಲ ನೋಡಿ, ಎರಡೂ ಗುಂಡಿ ಒತ್ತಿದೆ. ಬ್ಲೇಡ್ ಇಳಿಯಿತು. ಸದ್ದು ಎಂದಿನದೇ. ಮೇಲಿನ ಹಾಳೆ ಅಳೆದೆ, ಸರಿಯಾಗಿತ್ತು. ಏನೋ ಅನುಮಾನ ಬಂದು ತಳದ ಹಾಳೆಯನ್ನು ಎಳೆದು ಮೇಲಿನದರ ಮೇಲಿಟ್ಟು ಬೆಳಕಿಗೆ ಹಿಡಿದೆ. ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ವ್ಯತ್ಯಾಸ. ಬಿಡಿ ಹಾಳೆಯಲ್ಲಿ ಅದು ಯಾರಿಗೂ ಕಾಣದು. ಪುಸ್ತಕದ ಅಂಚಿನಲ್ಲಿ ಮೆಟ್ಟಿಲಿನ ಹಾಗೆ ಎದ್ದು ಕಾಣುತ್ತದೆ.

ಸಂಕೋಚಪಡುತ್ತಲೇ ಅವರಿಗೆ ಫೋನ್ ಮಾಡಿದೆ.

"ಒತ್ತುಪಟ್ಟಿಯ ಒತ್ತಡ ಎಷ್ಟು ಇಟ್ಟಿದ್ದೀರಿ?"

"ಎಂದಿನಷ್ಟೇ."

"ಎಂದಿನಷ್ಟು ಎಂದರೆ ಒರಟು ಕಾಗದಕ್ಕೆ. ಇದು ನುಣುಪು ಕಾಗದ, ಒತ್ತಿ ಹಿಡಿಯದಿದ್ದರೆ ಬ್ಲೇಡಿನ ಜೊತೆಗೇ ಜಾರುತ್ತದೆ. ರಾಶಿ ಅರ್ಧ ಮಾಡಿ. ಆಮೇಲೆ, ಬ್ಲೇಡ್ ಸಾಣೆಗೆ ಕಳಿಸಬೇಕು ಎಂದು ಹೋದ ವಾರವೇ ಹೇಳಿದ್ದೆ."

ಹೇಳಿದ್ದರು. 'ಮುಂದಿನ ವಾರ ನೋಡೋಣ' ಎಂದವನು ನಾನು.

ಆ ಆರು ವಾರಗಳ ಕಥೆಯನ್ನು ಉದ್ದ ಮಾಡುವುದಿಲ್ಲ. ಎರಡು ಪುಸ್ತಕ ತಡವಾದವು, ಒಂದರ ಅಂಚು ಕೆಟ್ಟು ಮತ್ತೆ ಮುದ್ರಿಸಬೇಕಾಯಿತು, ಒಬ್ಬ ಗಿರಾಕಿ ಮತ್ತೆ ಬರಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತಾರಲ್ಲ, ನಾನು ಬಾವಿ ತೋಡಲು ಗುದ್ದಲಿ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಅಂದಿನಿಂದ ನನ್ನ ತಲೆಯಲ್ಲಿ ಕೂತ ವಿಷಯ ಒಂದೇ. ಸಣ್ಣ ವ್ಯವಹಾರದಲ್ಲಿ 'ಮುಂದಾಲೋಚನೆ' ಒಂದು ಕೆಲಸ, 'ಜನರನ್ನು ನೋಡಿಕೊಳ್ಳುವುದು' ಇನ್ನೊಂದು ಕೆಲಸ ಎಂದು ನಾನು ಮಾಡಿಕೊಂಡಿದ್ದ ವಿಂಗಡಣೆಯೇ ತಪ್ಪು. ಸಾವಿರ ಜನರಿರುವ ಕಂಪನಿಯಲ್ಲಿ ಒಬ್ಬರು ಬಾರದಿದ್ದರೆ ಒಂದು ಕುರ್ಚಿ ಖಾಲಿ. ಎಂಟು ಜನರಿರುವಲ್ಲಿ ಒಬ್ಬರು ಬಾರದಿದ್ದರೆ ಒಂದು ಇಡೀ ವಿಭಾಗಕ್ಕೇ ಬೀಗ. ಯಾರಿಗೆ ಏನು ಗೊತ್ತು, ಯಾರು ಯಾವಾಗ ದಣಿಯುತ್ತಾರೆ, ಯಾರು ಯಾರಿಂದ ಕಲಿಯುತ್ತಾರೆ ಎಂಬುದು ಬಾರದ ಯೋಜನೆ ಬರೀ ಬಣ್ಣದ ಕಾಗದ.

ಹಿರಿಯರು ಕೈಗೆ ಬೆಲ್ಟ್ ಕಟ್ಟಿಕೊಂಡು ಮರಳಿದ ದಿನವೇ ಅವರ ಮುಂದೆ ಇನ್ನೂರು ಪುಟದ ನೋಟ್‌ಬುಕ್ ಇಟ್ಟೆ. "ನಿಮಗೆ ಗೊತ್ತಿರುವುದನ್ನೆಲ್ಲ ಬರೆಸಿ, ಬರೆದುಕೊಳ್ಳಲು ಒಬ್ಬರನ್ನು ಕೂರಿಸುತ್ತೇನೆ" ಎಂದೆ. ಎರಡು ವಾರದ ನಂತರ ತೆರೆದು ನೋಡಿದರೆ ಮೂರೂವರೆ ಪುಟ. ಅದರಲ್ಲಿ ಒಂದು ಸಾಲು ಇಂದಿಗೂ ಬಾಯಿಪಾಠ: 'ಕಾಗದವನ್ನು ಚೆನ್ನಾಗಿ ನೋಡಿ ಕತ್ತರಿಸಬೇಕು.' ಮೊದಲು ಸಿಟ್ಟು ಬಂತು. ಬೇಕೆಂದೇ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಅವರ ಪಕ್ಕ ನಿಂತು ನೋಡಿದಾಗ ತಿಳಿಯಿತು, ಅವರ ಮಟ್ಟಿಗೆ ಆ ಸಾಲು ಅಕ್ಷರಶಃ ನಿಜ. ಹೊಸ ರೀಮ್ ಬಿಚ್ಚಿದೊಡನೆ ಒಂದು ಹಾಳೆ ತೆಗೆದು ಎರಡೂ ದಿಕ್ಕಿಗೆ ಸುಮ್ಮನೆ ಬಾಗಿಸುತ್ತಾರೆ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಕಾಗದದ ಎಳೆ, ಅಂದರೆ ಅದರ ನಾರು ಸಾಗುವ ದಿಕ್ಕು, ಆ ಮಡಿಕೆಯ ಉದ್ದಕ್ಕೆ ಇದೆ ಎಂದರ್ಥ. ಪುಸ್ತಕದ ಬೆನ್ನಿಗೆ ಸಮಾಂತರವಾಗಿ ಎಳೆ ಇರಬೇಕು. ಅಡ್ಡವಾದರೆ ಪುಟಗಳು ಸೆಟೆದು ನಿಲ್ಲುತ್ತವೆ, ತೇವ ಹೀರಿದಾಗ ಬೆನ್ನಿನ ಬಳಿ ಸುಕ್ಕು ಬರುತ್ತದೆ. ಈ ಬಾಗಿಸಿ ನೋಡುವುದಕ್ಕೆ ಅವರಿಗೆ ಎರಡು ಸೆಕೆಂಡ್ ಸಾಕು. ಅದೊಂದು ಪರೀಕ್ಷೆ ಎಂದು ಅವರಿಗೇ ಗೊತ್ತಿರಲಿಲ್ಲ. ನಾವು ನಡೆಯುವಾಗ ಯಾವ ಕಾಲು ಮೊದಲು ಎಂದು ಬರೆಸಿದರೆ ನಾವು ತಾನೇ ಏನು ಬರೆಸುತ್ತೇವೆ?

ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಇದೇ ತಲೆನೋವು ನೂರುಪಟ್ಟಾಗಿ ಬಂದಿತ್ತು. ನುರಿತವರು ಸೈನ್ಯಕ್ಕೆ ಹೋದರು, ಯಂತ್ರ ಮುಟ್ಟಿಯೇ ಗೊತ್ತಿಲ್ಲದವರು ಒಳಗೆ ಬಂದರು. 1940ರಿಂದ 1945ರವರೆಗೆ ಅಲ್ಲಿನ ಸರ್ಕಾರ ನಡೆಸಿದ ತರಬೇತಿ ಕಾರ್ಯಕ್ರಮ ಮೇಲ್ವಿಚಾರಕರಿಗೆ ಕಲಿಸಿದ್ದು ನಾಲ್ಕು ಹೆಜ್ಜೆ: ಕಲಿಯುವವನನ್ನು ಅಣಿಗೊಳಿಸು, ಮಾಡಿ ತೋರಿಸು, ಅವನಿಂದ ಮಾಡಿಸು, ಆಮೇಲೂ ಬಂದು ನೋಡುತ್ತಿರು. ಕಲಿಯುವವನಿಗೆ ಬಾರದಿದ್ದರೆ ತಪ್ಪು ಕಲಿಸಿದವನದು ಎಂಬುದು ಅವರ ನಿಯಮವಾಗಿತ್ತು. ಯುದ್ಧದ ನಂತರ ಇದೇ ಪಾಠ ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಬೇರುಬಿಟ್ಟಿತು. ನಾಲ್ಕರಲ್ಲಿ ಯಾವುದೂ ಹೊಸದಲ್ಲ ಎಂದು ಮೂಗು ಮುರಿಯಬಹುದು. ನಾನೂ ಮುರಿದಿದ್ದೆ. ಆದರೆ ನಮ್ಮಲ್ಲಿ ನಡೆಯುತ್ತಿದ್ದದ್ದು ಎರಡನೆಯ ಹೆಜ್ಜೆ ಮಾತ್ರ, ಅದೂ ಬೆನ್ನು ತಿರುಗಿಸಿಕೊಂಡು. 'ನೋಡಿಕೋ' ಎಂದು ಹೇಳಿ ತಾವೇ ಮುಗಿಸಿಬಿಡುವುದು. ಮೂರನೆಯ ಹೆಜ್ಜೆಗೆ ಕಾಗದ ಹಾಳಾಗುತ್ತದೆ. ಮೂರನೆಯದಕ್ಕೆಂದು ತಿಂಗಳಿಗೆ ಎರಡು ರೀಮ್ ಕಾಗದವನ್ನು ಲೆಕ್ಕದಿಂದಲೇ ಬಿಟ್ಟುಬಿಟ್ಟೆ. 'ಹಾಳುಮಾಡಲು' ಎಂದೇ ಕಟ್ಟಿನ ಮೇಲೆ ಬರೆದಿಟ್ಟೆವು. ನಾನು ಇಷ್ಟು ವರ್ಷ ಮಾಡಿದ ಖರ್ಚುಗಳಲ್ಲಿ ಅದು ಅತ್ಯಂತ ಅಗ್ಗದ್ದು.

ಇಷ್ಟಾದರೂ ಕಲಿಕೆ ಸಾಗಲಿಲ್ಲ. ಹಿರಿಯರು ಕಲಿಸಲು ಕೂತರೂ ಮುಖ್ಯವಾದ ಘಟ್ಟ ಬಂದಾಗ ಏನೋ ನೆಪ ಬರುತ್ತಿತ್ತು. ಬೈಂಡಿಂಗ್ ವಿಭಾಗದಿಂದ ಕಲಿಯಲು ಬಂದಿದ್ದ ಹುಡುಗಿ ಎರಡು ತಿಂಗಳಾದರೂ ರಾಶಿ ತಟ್ಟುವುದರಲ್ಲೇ ಇದ್ದಳು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವರೇ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಕೂರಿ ಎಂದರೂ ಕೂರಲಿಲ್ಲ.

"ಅವಳು ಕಲಿತ ಮೇಲೆ ನನ್ನನ್ನು ಏನು ಮಾಡುತ್ತೀರಿ?"

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ ಎನ್ನುವುದಕ್ಕಿಂತ, ಇಂಥದೊಂದು ಪ್ರಶ್ನೆ ಇದೆ ಎಂದೇ ನಾನು ಯೋಚಿಸಿರಲಿಲ್ಲ. ನನಗೆ ಅದು ವ್ಯವಹಾರದ ಭದ್ರತೆ. ಅವರಿಗೆ ಅದು ಅವರ ಭದ್ರತೆಗೆ ಹಾಕಿದ ಕನ್ನ. ಇಪ್ಪತ್ತೆರಡು ವರ್ಷದ ಕೈಚಳಕವೇ ಅವರ ಪಿಂಚಣಿ, ಅವರ ಗೌರವ, ಸಂಬಳದ ಮಾತು ಬಂದಾಗ ಅವರ ಕೈಯಲ್ಲಿರುವ ಒಂದೇ ದಾಳ. ಅದನ್ನು ಉಚಿತವಾಗಿ ಇನ್ನೊಬ್ಬರಿಗೆ ಹಂಚಿ ಎಂದು ನಾನು ಕೇಳುತ್ತಿದ್ದೆ, ಅದೂ 'ನಾವೆಲ್ಲ ಒಂದೇ ಕುಟುಂಬ' ಎಂಬ ಧಾಟಿಯಲ್ಲಿ. (ಈ 'ಒಂದೇ ಕುಟುಂಬ' ಎಂಬ ಮಾತು ಮಾಲೀಕರ ಬಾಯಲ್ಲಿ ಬಂದಾಗಲೆಲ್ಲ ನೌಕರರ ಮುಖ ನೋಡಿ. ಕುಟುಂಬದಲ್ಲಿ ಯಾರೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂಬುದು ಅವರಿಗೆ ಗೊತ್ತು.)

ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಅವರನ್ನು ಕೂರಿಸಿಕೊಂಡು ಮೂರು ವಿಷಯ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಟ್ಟೆ. ಕಲಿಸುವ ಗಂಟೆಗಳಿಗೆ ಹೆಚ್ಚುವರಿ ಸಂಬಳ. ಅವರು ನಿವೃತ್ತರಾಗುವವರೆಗೆ ಅವರ ಕೆಲಸಕ್ಕೆ ಧಕ್ಕೆಯಿಲ್ಲ. ಇನ್ನು ಮುಂದೆ ಕಾಗದದ ಖರೀದಿಯಲ್ಲಿ ಅವರ ಮಾತೇ ಕೊನೆಯದು, ಅಂದರೆ ಲಾರಿಯಿಂದ ಇಳಿಸಿದ ಕಾಗದವನ್ನು ಬೇಡ ಎಂದು ವಾಪಸು ಕಳಿಸುವ ಅಧಿಕಾರವೂ ಅವರದೇ. ಮೂರನೆಯದನ್ನು ಓದಿದಾಗ ಅವರ ಮುಖದಲ್ಲಿ ಆದ ಬದಲಾವಣೆ ಮೊದಲ ಎರಡಕ್ಕೆ ಆಗಿರಲಿಲ್ಲ. ಅಲ್ಲಿಂದ ನಾಲ್ಕು ತಿಂಗಳಲ್ಲಿ ಹುಡುಗಿ ಒಬ್ಬಳೇ ನುಣುಪು ಕಾಗದ ಕತ್ತರಿಸಿದಳು. ಕೆಳಗಿನ ಹಾಳೆ ತೆಗೆದು ಮೇಲಿಟ್ಟು ಬೆಳಕಿಗೆ ಹಿಡಿಯುವುದನ್ನು ಅವಳಿಗೆ ಯಾರು ಹೇಳಿಕೊಟ್ಟರೋ ತಿಳಿಯದು.

ಹಳೆಯ ಕ್ಯಾಲೆಂಡರಿನ ಪಕ್ಕದಲ್ಲಿ ಈಗ ಇನ್ನೊಂದು ಕಾಗದವಿದೆ. ಎಡಕ್ಕೆ ಎಂಟು ಹೆಸರು, ಮೇಲೆ ಹದಿನಾಲ್ಕು ಕೆಲಸ. ಒಬ್ಬರಿಗೆ ಒಂದು ಕೆಲಸ ಒಬ್ಬರೇ ಮಾಡಲು ಬಂದರೆ ತುಂಬಿದ ಚುಕ್ಕೆ, ಪಕ್ಕದಲ್ಲಿ ಯಾರಾದರೂ ಇದ್ದರೆ ಬರುತ್ತದೆ ಎಂದರೆ ಖಾಲಿ ಚುಕ್ಕೆ. ಮೊದಲ ಸಲ ತುಂಬಿಸಿದಾಗ ಹದಿನಾಲ್ಕರಲ್ಲಿ ಒಂಬತ್ತು ಕೆಲಸಗಳ ಕೆಳಗೆ ಒಂದೊಂದೇ ತುಂಬಿದ ಚುಕ್ಕೆ ಇತ್ತು. ಚುಕ್ಕೆಗಳನ್ನು ನಾನು ಒಬ್ಬನೇ ಕೂತು ಹಾಕಲಿಲ್ಲ. ಪ್ರತಿಯೊಬ್ಬರೂ ತಮ್ಮ ಸಾಲನ್ನು ತಾವೇ ತುಂಬಿದರು. ಆಗ ಕೆಲವು ಅಚ್ಚರಿಗಳೂ ಆದವು. ಸಾಮಾನು ಸಾಗಿಸುವ ಹುಡುಗನಿಗೆ ಪ್ರೂಫ್ ತಿದ್ದಲು ಬರುತ್ತದೆ ಎಂದು ಅವನ ಜೊತೆ ಮೂರು ವರ್ಷ ಕೆಲಸ ಮಾಡಿದ ನನಗೆ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದೆ. "ನೀವು ಕೇಳಲಿಲ್ಲ" ಎಂದ.

ಇನ್ನು ಸಮಯದ ಲೆಕ್ಕ. ನನ್ನ ಅಂದಾಜುಗಳು ಯಾವಾಗಲೂ ತಪ್ಪುತ್ತಿದ್ದವು. ತಪ್ಪಿದಾಗಲೆಲ್ಲ ಆ ಸಲದ ಒಂದು ವಿಶೇಷ ಕಾರಣ ಸಿಗುತ್ತಿತ್ತು: ಕಾಗದ ತಡ, ವಿದ್ಯುತ್ ಇಲ್ಲ, ಲೇಖಕರು ಕೊನೆ ಗಳಿಗೆಯಲ್ಲಿ ಮುಖಪುಟ ಬದಲಿಸಿದರು. ಪ್ರತಿ ಸಲವೂ ವಿಶೇಷ ಕಾರಣವಿದ್ದರೆ ಅದು ವಿಶೇಷ ಹೇಗಾದೀತು ಎಂಬ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಈ ರೋಗಕ್ಕೆ ಹೆಸರಿಟ್ಟಿದ್ದರು, ಯೋಜನೆಯ ಭ್ರಮೆ ಎಂದು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಯಾವಾಗ ಮುಗಿಯುತ್ತದೆ ಎಂದು ಕೇಳಿದಾಗ ಸರಾಸರಿ 33.9 ದಿನ ಎಂದರು. ಎಲ್ಲವೂ ಕೆಟ್ಟರೆ ಎಷ್ಟು ಎಂದರೆ 48.6 ದಿನ ಎಂದರು. ನಿಜಕ್ಕೂ ಹಿಡಿದದ್ದು 55.5 ದಿನ. ಎಲ್ಲವೂ ಕೆಟ್ಟರೆ ಎಂದು ಊಹಿಸಿಕೊಂಡು ಹೇಳಿದ್ದಕ್ಕಿಂತಲೂ ಒಂದು ವಾರ ಹೆಚ್ಚು! ಇದನ್ನು ಓದಿದಾಗ ಯಾರೋ ನಮ್ಮ ಮುದ್ರಣಾಲಯದ ಮೂಲೆಯಲ್ಲಿ ಕೂತು ಬರೆದಂತಿತ್ತು.

ಮದ್ದು ಬಹಳ ಸರಳ, ಆದರೆ ಅಹಂಕಾರಕ್ಕೆ ಕಹಿ. ಮುಂದಿನ ಪುಸ್ತಕ ಎಷ್ಟು ದಿನ ಹಿಡಿಯುತ್ತದೆ ಎಂದು ಆ ಪುಸ್ತಕದ ಹೆಜ್ಜೆಗಳನ್ನು ಕೂಡಿಸುತ್ತ ಕೂರಬಾರದು. ಅದೇ ಜಾತಿಯ ಹಿಂದಿನ ಪುಸ್ತಕಗಳು ಎಷ್ಟು ಹಿಡಿದವು ಎಂದು ನೋಡಬೇಕು. ಹಳೆಯ ಬಿಲ್ಲುಗಳ ಕಟ್ಟು ಬಿಚ್ಚಿ ಇಪ್ಪತ್ತಾರು ಕೆಲಸಗಳಿಗೆ ನಾನು ಮಾತು ಕೊಟ್ಟ ದಿನ ಮತ್ತು ನಿಜವಾಗಿ ಕೊಟ್ಟ ದಿನವನ್ನು ಅಕ್ಕಪಕ್ಕ ಬರೆದೆ. ಹೊಲಿಗೆ ಬೈಂಡಿಂಗಿಗೆ ನನ್ನ ಅಂದಾಜಿನ ಒಂದೂವರೆ ಪಟ್ಟು ಹಿಡಿದಿತ್ತು, ಹೆಚ್ಚುಕಡಿಮೆ ಪ್ರತಿ ಸಲವೂ. ಅಂಟಿನ ಬೈಂಡಿಂಗಿನಲ್ಲಿ ತಪ್ಪು ಅಷ್ಟಿರಲಿಲ್ಲ. ಅಂದರೆ ನಾನು ಎಲ್ಲದರಲ್ಲೂ ಆಶಾವಾದಿಯಲ್ಲ, ಹೊಲಿಗೆಯ ವಿಷಯದಲ್ಲಿ ಮಾತ್ರ ನನಗೆ ಹುಚ್ಚು ಭರವಸೆ. ಈಗ ಹೊಲಿಗೆಯ ಕೆಲಸ ಬಂದರೆ ಮನಸ್ಸು ಹೇಳಿದ್ದಕ್ಕೆ ಅರ್ಧ ಸೇರಿಸಿ ಹೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

'ಕೆಲವರು ಎದ್ದು ಹೋಗಲಿ' ಎಂದು ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ಯಂತ್ರ ಒಂದು ನಿಮಿಷ ಸುಮ್ಮನಿದ್ದರೂ ಹಣ ಸೋರುತ್ತಿದೆ ಎಂದು ನಂಬಿ ಬೆಳೆದವನು ನಾನು. ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ ಟೆಲಿಫೋನ್ ಕರೆಗಳ ಕುರಿತು 1909ರಲ್ಲಿ ಬರೆದ ಲೇಖನದಿಂದ ಹುಟ್ಟಿದ ಒಂದು ಶಾಸ್ತ್ರವಿದೆ, ಸಾಲಿನಲ್ಲಿ ಕಾಯುವುದರ ಲೆಕ್ಕ. ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುತ್ತಿದ್ದರೆ, ಒಂದೊಂದೂ ಒಂದೊಂದು ಹೊತ್ತು ಹಿಡಿಯುತ್ತಿದ್ದರೆ, ಒಂದೇ ಯಂತ್ರವಿದ್ದಾಗ ಅದರ ಸರಳ ಸೂತ್ರ ಹೀಗೆ ಹೇಳುತ್ತದೆ: ಯಂತ್ರ ಶೇಕಡಾ 50ರಷ್ಟು ಹೊತ್ತು ದುಡಿಯುತ್ತಿದ್ದರೆ ಹೊಸದಾಗಿ ಬಂದ ಕೆಲಸ ಸರಾಸರಿ ಒಂದು ಕೆಲಸದಷ್ಟು ಹೊತ್ತು ಕಾಯಬೇಕು. ಶೇಕಡಾ 80ಕ್ಕೆ ಏರಿದರೆ ನಾಲ್ಕು ಕೆಲಸದಷ್ಟು. 90ಕ್ಕೆ ಒಂಬತ್ತು. 95ಕ್ಕೆ ಹತ್ತೊಂಬತ್ತು. ನಾವು 'ಚೆನ್ನಾಗಿ ನಡೆಯುತ್ತಿದೆ' ಎಂದು ಬೀಗುವ ಕೊನೆಯ ಐದು ಶೇಕಡಾದಲ್ಲಿ ಕಾಯುವಿಕೆ ಇಮ್ಮಡಿಗೂ ಮೇಲಾಗುತ್ತದೆ. ಯಂತ್ರದ ಮಾತನ್ನೇ ಮನುಷ್ಯರಿಗೂ ಹೇಳಬಹುದು, ಒಂದು ವ್ಯತ್ಯಾಸದೊಂದಿಗೆ: ಯಂತ್ರ ಮುನಿಸಿಕೊಳ್ಳುವುದಿಲ್ಲ. ಈಗ ವಾರದಲ್ಲಿ ಅರ್ಧ ದಿನ ಕಟಿಂಗ್ ಯಂತ್ರಕ್ಕೆ ಯಾವ ಕೆಲಸವನ್ನೂ ಬರೆಯುವುದಿಲ್ಲ. ಬ್ಲೇಡ್ ಬದಲಿಸುವುದು, ಎಣ್ಣೆ ಹಾಕುವುದು, ಹುಡುಗಿಗೆ ಕಲಿಸುವುದು, ಹಿಂದಿನ ಬಾಕಿ ತೀರಿಸುವುದು ಎಲ್ಲ ಆಗಲೇ. ಯಾವುದೂ ಇಲ್ಲದಿದ್ದರೆ ಸುಮ್ಮನೆ ಕೂರುತ್ತಾರೆ. ಅವರು ಸುಮ್ಮನೆ ಕೂತಿರುವುದನ್ನು ನೋಡಿಯೂ ನೋಡದಂತೆ ನಡೆದುಹೋಗಲು ನಾನು ಇನ್ನೂ ಕಲಿಯುತ್ತಿದ್ದೇನೆ.

ಇದಕ್ಕೆ ವಿರುದ್ಧವಾದ ಮೂರ್ಖತನವನ್ನೂ ಮಾಡಿದ್ದೇನೆ. ಶಾಲೆಗಳು ತೆರೆಯುವ ಮುಂಚಿನ ತಿಂಗಳುಗಳಲ್ಲಿ ಒಮ್ಮೆ ಕೆಲಸ ಕುತ್ತಿಗೆಗೆ ಬಂದಾಗ ತರಾತುರಿಯಲ್ಲಿ ಇಬ್ಬರನ್ನು ಸೇರಿಸಿಕೊಂಡೆ. ತಡವಾದ ತಂತ್ರಾಂಶದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂ ಕಂಪನಿಯಲ್ಲಿ ದೊಡ್ಡ ಯೋಜನೆ ನಡೆಸಿದ್ದ ಫ್ರೆಡ್ರಿಕ್ ಬ್ರೂಕ್ಸ್ 1975ರಲ್ಲಿ ಬರೆದಿದ್ದರು. ಬೈಂಡಿಂಗಿಗೂ ಅದು ಅನ್ವಯಿಸುತ್ತದೆ ಎಂದು ನಾನು ಸ್ವಂತ ಖರ್ಚಿನಲ್ಲಿ ಕಂಡುಕೊಂಡೆ. ಎಂಟು ಜನರ ನಡುವೆ ಇಬ್ಬಿಬ್ಬರ ಜೋಡಿ 28. ಹತ್ತು ಜನರಾದರೆ 45. ಎರಡು ಕೈಜೋಡಿ ಹೆಚ್ಚಿದವು, ಮಾತು ತಪ್ಪಲು ಹದಿನೇಳು ಹೊಸ ದಾರಿಗಳೂ ತೆರೆದವು. ಮೊದಲ ವಾರ ನಮ್ಮ ಅತ್ಯಂತ ಚುರುಕಿನ ಇಬ್ಬರು ಹೊಸಬರಿಗೆ ಹೇಳಿಕೊಡುವುದರಲ್ಲೇ ಕಳೆದರು. ಹದಿನಾರು ಪುಟದ ಫಾರಂ (ಒಂದೇ ಹಾಳೆ ಮಡಿಸಿ ಮಾಡಿದ ಪುಟಗಳ ಕಟ್ಟು) ಒಂದನ್ನು ತಿರುಗುಮುರುಗಾಗಿ ಜೋಡಿಸಿದ್ದು ನಾನೂರು ಪ್ರತಿ ಹೊಲಿದ ಮೇಲೆ ಗೊತ್ತಾಯಿತು. ಹೊಸಬರ ತಪ್ಪೇನೂ ಇರಲಿಲ್ಲ. ಅವರನ್ನು ಮೂರು ತಿಂಗಳು ಮೊದಲೇ, ಕೆಲಸ ಕಡಿಮೆಯಿದ್ದಾಗ ಕರೆಯಬೇಕಿತ್ತು. ಜನ ಬೇಕಾದಾಗ ಕರೆದರೆ ತಡವಾಗಿರುತ್ತದೆ, ಬೇಡದಾಗ ಕರೆಯಲು ಕೈಯಲ್ಲಿ ಹಣವಿರುವುದಿಲ್ಲ. ಸಣ್ಣ ವ್ಯವಹಾರದ ಈ ಗಂಟನ್ನು ಪೂರ್ತಿ ಬಿಚ್ಚಿದವರನ್ನು ನಾನು ಕಂಡಿಲ್ಲ. ನನ್ನ ಮಟ್ಟಿಗೆ ಕಂಡುಕೊಂಡ ಉಪಾಯ ಇಷ್ಟೇ: ಹಿಂದಿನ ವರ್ಷ ಬಂದು ಹೋದ ಅದೇ ಇಬ್ಬರನ್ನು ಪ್ರತಿ ವರ್ಷ ಕರೆಯುವುದು, ಮತ್ತು ಮುಂದಿನ ವರ್ಷದ ತಾರೀಖನ್ನು ಈ ವರ್ಷ ಅವರು ಹೊರಡುವ ದಿನವೇ ಹೇಳಿಬಿಡುವುದು.

ಇನ್ನೊಂದು ವಿಷಯ ಬರೆಯಲು ಮನಸ್ಸಿಲ್ಲ. ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಬೈಂಡಿಂಗಿನಲ್ಲಿ ಒಬ್ಬನಿದ್ದ. ಕೆಲಸದಲ್ಲಿ ಎಲ್ಲರಿಗಿಂತ ವೇಗ, ಮಾತಿನಲ್ಲಿ ಎಲ್ಲರಿಗಿಂತ ಕಟು. ಪಕ್ಕದಲ್ಲಿ ಕೂತವರನ್ನು ಚುಚ್ಚದೆ ಅವನಿಗೆ ದಿನ ಹೋಗುತ್ತಿರಲಿಲ್ಲ. ಅವನನ್ನು ಕರೆದು ಮಾತನಾಡಬೇಕು ಎಂದು ನಾನು ಅಂದುಕೊಂಡದ್ದು ಒಂದು ವರ್ಷ ಎರಡು ತಿಂಗಳು. ಡೈರಿಯಲ್ಲಿ ನಾಲ್ಕು ಸಲ ಬರೆದಿದ್ದೇನೆ, ನಾಲ್ಕು ಸಲವೂ 'ಈ ಆರ್ಡರ್ ಮುಗಿಯಲಿ' ಎಂದು ಮುಂದೂಡಿದ್ದೇನೆ. ಕೊನೆಗೆ ಕೆಲಸ ಬಿಟ್ಟದ್ದು ಅವನಲ್ಲ, ಅವನ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸು. ಹೊಲಿಗೆಯಲ್ಲಿ ಅವರಿಗೆ ಸಾಟಿಯಿರಲಿಲ್ಲ. ಕಾರಣ ಕೇಳಿದಾಗ ಮನೆಯ ತೊಂದರೆ ಎಂದರು. ನಾನೂ ನಂಬಿದಂತೆ ನಟಿಸಿದೆ. ಒಂದು ಕಾಲಕ್ಕೆ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯಲ್ಲಿ ಸುಮಾರು 14,000 ಜನರನ್ನು ಉಳಿಸಿಕೊಳ್ಳಲು ವರ್ಷದಲ್ಲಿ 52,000 ಜನರನ್ನು ಸೇರಿಸಿಕೊಳ್ಳಬೇಕಾಗಿತ್ತು, 1913ರ ಮಾತು. ಮರುವರ್ಷ ಜನವರಿಯಲ್ಲಿ ದಿನಕ್ಕೆ ಎಂಟು ಗಂಟೆ, ಐದು ಡಾಲರ್ ಎಂದು ಘೋಷಿಸಿದ್ದರ ಹಿಂದೆ ಈ ಸೋರಿಕೆಯೂ ಇತ್ತು. ಅಷ್ಟು ದೊಡ್ಡ ಕಾರ್ಖಾನೆ ಆ ಸೋರಿಕೆಯನ್ನು ಕೆಲವು ಕಾಲ ತಡೆದುಕೊಂಡಿತು. ಎಂಟರಲ್ಲಿ ಒಬ್ಬರು ಹೋದರೆ ನಮಗೆ ಅದೇ ಶೇಕಡಾ ಹನ್ನೆರಡೂವರೆ, ಅದೂ ಒಂದೇ ಮಧ್ಯಾಹ್ನದಲ್ಲಿ.

ಅವನ ಜೊತೆ ಆಮೇಲೆ ಮಾತನಾಡಿದೆ. ಹದಿನೈದು ನಿಮಿಷವೂ ಹಿಡಿಯಲಿಲ್ಲ. ತನ್ನ ಮಾತು ಅಷ್ಟು ನೋಯಿಸುತ್ತದೆ ಎಂದು ಯಾರೂ ಹೇಳಿಯೇ ಇರಲಿಲ್ಲ ಎಂದ. ಪೂರ್ತಿ ನಂಬಲಿಲ್ಲ. ಆದರೆ ನಾನು ಹೇಳಿರಲಿಲ್ಲ ಎಂಬುದಂತೂ ನಿಜ. ಈಗ ತಿಂಗಳಿಗೊಮ್ಮೆ ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಕೂರುತ್ತೇನೆ, ಬಾಗಿಲು ಹಾಕಿ, ಫೋನ್ ಹೊರಗಿಟ್ಟು. ಅರ್ಧ ಗಂಟೆಯಲ್ಲಿ ಮೊದಲ ಇಪ್ಪತ್ತು ನಿಮಿಷ ಏನೂ ಬರುವುದಿಲ್ಲ. ಎದ್ದು ನಿಂತು ಬಾಗಿಲ ಚಿಲಕಕ್ಕೆ ಕೈ ಹಾಕಿದಾಗ ಬರುತ್ತದೆ ನಿಜವಾದ ಮಾತು. ಹಾಗಾಗಿ ಆ ಅರ್ಧ ಗಂಟೆಯ ನಂತರ ಇನ್ನರ್ಧ ಗಂಟೆ ಏನನ್ನೂ ಇಟ್ಟುಕೊಳ್ಳುವುದಿಲ್ಲ.

ಹಣದ ಯೋಜನೆಯ ಬಗ್ಗೆ ಹೆಚ್ಚು ಹೇಳಲಾರೆ, ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ಮುಂದಿನ ಹದಿಮೂರು ವಾರಗಳಿಗೆ ವಾರಕ್ಕೊಂದು ಸಾಲು: ಬರುವುದು, ಹೋಗುವುದು, ಉಳಿಯುವುದು. ಸಂಬಳದ ವಾರಗಳಿಗೆ ಕೆಂಪು ಗೆರೆ. ಬರುವುದರ ಕಾಲಂನಲ್ಲಿ ಗಿರಾಕಿ ಹೇಳಿದ ತಾರೀಖು ಹಾಕುವುದಿಲ್ಲ, ಅವರು ಹೋದ ಸಲ ಕೊಟ್ಟ ರೀತಿ ನೋಡಿ ಹಾಕುತ್ತೇನೆ. ಅಷ್ಟೇ.

ದೊಡ್ಡ ಆರ್ಡರ್ ಹಿಡಿಯುವ ಮುಂಚೆ ಇತ್ತೀಚೆಗೆ ಒಂದು ಆಟ ಆಡುತ್ತೇವೆ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞ ಜನಪ್ರಿಯಗೊಳಿಸಿದ ಪದ್ಧತಿ ಅದು. ಎಲ್ಲರೂ ಕೂತು, ಮೂರು ತಿಂಗಳು ಕಳೆದಿದೆ, ಈ ಕೆಲಸ ಪೂರ್ತಿ ಕೆಟ್ಟುಹೋಗಿದೆ ಎಂದು ಭಾವಿಸಿಕೊಂಡು, ಯಾಕೆ ಕೆಟ್ಟಿತು ಎಂದು ಒಂದೊಂದು ಚೀಟಿಯಲ್ಲಿ ಬರೆಯುವುದು. 'ಏನಾದರೂ ತೊಂದರೆಯಾಗಬಹುದೇ?' ಎಂದು ಕೇಳಿದರೆ ನಮ್ಮವರು ಯಾರೂ ಬಾಯಿ ಬಿಡುವುದಿಲ್ಲ, ಅಪಶಕುನ ನುಡಿದಂತೆ ಆಗುತ್ತದೆ. 'ಆಗಿಹೋಗಿದೆ, ಯಾಕೆ?' ಎಂದರೆ ಧೈರ್ಯ ಬರುತ್ತದೆ. ಮೊದಲ ಸಲ ಆಡಿದಾಗ ಕಾಗದ, ವಿದ್ಯುತ್, ಮಳೆ ಎಂಬ ಚೀಟಿಗಳ ನಿರೀಕ್ಷೆಯಲ್ಲಿದ್ದೆ. ಏಳು ಚೀಟಿಗಳಲ್ಲಿ ನಾಲ್ಕರಲ್ಲಿ ಬೇರೆ ಬೇರೆ ಅಕ್ಷರಗಳಲ್ಲಿ ಒಂದೇ ಉತ್ತರವಿತ್ತು. ಸಾಮಾನು ಸಾಗಿಸುವ ಹುಡುಗನ ಚೀಟಿ ಎಲ್ಲಕ್ಕಿಂತ ಸ್ಪಷ್ಟ: 'ಪ್ರೂಫ್ ಮೇಜಿನ ಮೇಲೆ ಒಂಬತ್ತು ದಿನ ಇತ್ತು, ಸಹಿ ಹಾಕಲು ಯಜಮಾನರಿಗೆ ಬಿಡುವಾಗಲಿಲ್ಲ.'

ಒಂಬತ್ತು ಎಂಬ ಅಂಕಿ ಅವನು ಊಹಿಸಿದ್ದಲ್ಲ. ಹಿಂದಿನ ಪುಸ್ತಕದಲ್ಲಿ ನಡೆದದ್ದು. ಎಲ್ಲ ಕೆಲಸವನ್ನೂ ಇಬ್ಬರಿಗಾದರೂ ಕಲಿಸಬೇಕು ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದ ನಾನು ಗೋಡೆಯ ಕಾಗದದತ್ತ ತಿರುಗಿ ನನ್ನ ಸಾಲನ್ನು ನೋಡಿದೆ. ದರ ಹೇಳುವುದು, ಪ್ರೂಫಿಗೆ ಸಹಿ, ಬ್ಯಾಂಕ್: ಮೂರರ ಕೆಳಗೂ ಒಂದೊಂದೇ ಚುಕ್ಕೆ, ಮೂರೂ ನನ್ನವೇ.

ಪ್ರೂಫಿನ ಸಹಿಯನ್ನು ಆ ಹುಡುಗನಿಗೇ ಕೊಟ್ಟೆ. ಮೊದಲ ತಿಂಗಳು ಅವನು ಸಹಿ ಹಾಕಿದ್ದನ್ನೆಲ್ಲ ಕದ್ದು ನೋಡುತ್ತಿದ್ದೆ. ಎರಡು ತಪ್ಪು ಹಿಡಿದೆ. ಅದೇ ತಿಂಗಳು ಅವನು ನನ್ನ ಹಳೆಯ ಸಹಿಗಳ ಕೆಳಗೆ ಹಿಡಿದದ್ದು ಐದು. ಬ್ಯಾಂಕಿನ ಕೆಲಸ ಈಗ ಲೆಕ್ಕ ನೋಡುವವರ ಜೊತೆ ಅರ್ಧಕ್ಕೆ ಬಂದಿದೆ, ಅವರ ಚುಕ್ಕೆ ಇನ್ನೂ ಖಾಲಿ. ದರ ಹೇಳುವುದು ಮಾತ್ರ ಕೈಬಿಡಲು ಆಗುತ್ತಿಲ್ಲ. ಯಾರಾದರೂ ಕೇಳಿದರೆ ಅದು ಅನುಭವದಿಂದ ಬರುವಂಥದು, ಹೇಳಿಕೊಡಲು ಆಗುವುದಿಲ್ಲ ಎನ್ನುತ್ತೇನೆ. ಮೊನ್ನೆ ಹಾಗೆ ಹೇಳಿದಾಗ ಹಿರಿಯರು ಕಟಿಂಗ್ ಯಂತ್ರದ ಬಳಿಯಿಂದಲೇ ಒಮ್ಮೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಅವರಿಗೆ ಇನ್ನು ಹದಿನೆಂಟು ತಿಂಗಳು ಕೆಲಸವಿದೆ.

ನಿನ್ನೆ ಸಂಜೆ ಬೀಗ ಹಾಕುವ ಮುಂಚೆ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಅದೇ ಹಳೆಯದು, ಮೂರೂವರೆ ಪುಟ ಬರೆದು ಬಿಟ್ಟದ್ದು. ಐದನೆಯ ಪುಟದ ತಲೆಯ ಮೇಲೆ ಯಾರೋ ದೊಡ್ಡ ಅಕ್ಷರದಲ್ಲಿ 'ದರ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಪೆನ್ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಬರೆದದ್ದು ಒಂದು ಸಾಲು: 'ಗಿರಾಕಿಯನ್ನು ಚೆನ್ನಾಗಿ ನೋಡಿ ಹೇಳಬೇಕು.'